ಮೂಳೆಗೆ ಸಾರ್ವೆ ಕಟ್ಟುವ ಕೆಲಸ

ಹೋದ ಆಷಾಢದ ಒಂದು ಸೋಮವಾರ ಬೆಳಿಗ್ಗೆ ಲ್ಯಾಬಿನ ಫರ್ನೇಸ್ ಬಾಗಿಲು ತೆಗೆದಾಗ, ಮೂಳೆಗೆ ತುಂಬಲು ಅಂತ ಮಾಡಿದ ಪುಡಿಯಿಂದ ಸುಟ್ಟ ಆರು ಬಿಲ್ಲೆಗಳೂ ಚೆನ್ನಾಗಿಯೇ ಇದ್ದವು. ಬಿಳಿ ಬಣ್ಣ, ಗಟ್ಟಿ, ಉಗುರಿನಿಂದ ತಟ್ಟಿದರೆ ಟಣ್ ಅನ್ನುತ್ತಿದ್ದವು. ಒಂದನ್ನು ಡೆಸಿಕೇಟರ್ ಒಳಗೆ, ತೇವ ತಾಗದ ಹಾಗೆ ಮುಚ್ಚಿಟ್ಟೆ. ಉಳಿದ ಐದನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ತಾರೀಖು ಬರೆದು ಮೇಜಿನ ಮೇಲೆ ಇಟ್ಟೆ. ಗುರುವಾರ ಡಬ್ಬಿ ತೆಗೆದು ನೋಡಿದರೆ ನಾಲ್ಕು ಬಿಲ್ಲೆ ಅಂಚಿನಿಂದ ಸೀಳಿದ್ದವು, ಐದನೆಯದು ಬೆರಳು ತಾಗಿದ ಕೂಡಲೇ ರಂಗೋಲಿ ಪುಡಿಯ ಹಾಗೆ ಉದುರಿತು. ಯಾರೂ ಮುಟ್ಟಿರಲಿಲ್ಲ, ಬೀಳಿಸಿರಲಿಲ್ಲ. ಸುಮ್ನೆ ಕೂತಲ್ಲೇ ಒಡೆದಿದ್ದವು.

ಎರಡು ವಾರದ ಕೆಲಸ ಅದು. ಫೋಟೋ ತೆಗೆದು ಲ್ಯಾಬಿನ ಗುಂಪಿಗೆ ಕಳಿಸಿದೆ. ಆಮೇಲೆ ಅದನ್ನೇ ಅಪ್ಪನಿಗೂ ಕಳಿಸಿದೆ. ಅಪ್ಪ ಅರಸೀಕೆರೆ ಕಡೆ ಗಾರೆ ಮೇಸ್ತ್ರಿ. ಮೂವತ್ತು ವರ್ಷದಿಂದ ಕಲ್ಲು, ಇಟ್ಟಿಗೆ, ಸುಣ್ಣ, ಸಿಮೆಂಟಿನ ಜೊತೆಯೇ ಬದುಕಿದವರು. ಹತ್ತು ನಿಮಿಷಕ್ಕೆ ಫೋನ್ ಬಂತು.

“ಇದು ಸುಣ್ಣ ಅರಳಿರೋದು ಕಣವ್ವ. ನಿನ್ನ ಪುಡಿ ಒಳಗೆ ಎಲ್ಲೋ ಸುಟ್ಟ ಸುಣ್ಣ ಉಳ್ಕಂಡೈತೆ. ಗಾಳೀಲಿರೋ ತೇವ ಕುಡ್ದು ಉಬ್ಬೈತೆ, ಅದಕ್ಕೇ ಒಡ್ದೈತೆ. ಗೋಡೆ ಗಾರೇಲೂ ಹಿಂಗೇ ಆಗೋದು. ಅರಳದೇ ಇರೋ ಸುಣ್ಣದ ಹರಳು ಒಂದು ಉಳೀತು ಅಂದ್ರೆ ಆರು ತಿಂಗಳಾದ ಮೇಲೂ ಗಾರೆ ಎಗರಿಸುತ್ತೆ.”

ಮಧ್ಯಾಹ್ನವೇ ಎಕ್ಸ್‌ಆರ್‌ಡಿಗೆ ಹಾಕಿದೆ. ಪುಡಿಯ ಮೇಲೆ ಎಕ್ಸ್‌ರೇ ಬಿಟ್ಟು ಅದು ಯಾವ ಕೋನದಲ್ಲಿ ಜಾಸ್ತಿ ಚೆದುರುತ್ತದೆ ಅಂತ ನೋಡಿದರೆ ಒಳಗಿರುವ ಹರಳು ಯಾವುದು ಅಂತ ಗೊತ್ತಾಗುತ್ತದೆ. ನನಗೆ ಬೇಕಾದ ಹರಳಿನ ದೊಡ್ಡ ಗೆರೆ 31.8 ಡಿಗ್ರಿ ಹತ್ತಿರ ಬರಬೇಕು. ಬಂದಿತ್ತು. ಆದರೆ ಡೆಸಿಕೇಟರ್‌ನಲ್ಲಿದ್ದ ಬಿಲ್ಲೆಯಲ್ಲಿ 37.4 ಡಿಗ್ರಿಯಲ್ಲಿ ಇನ್ನೊಂದು ಚಿಕ್ಕ ಗೆರೆ ಎದ್ದಿತ್ತು. ಅದು ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟ ಸುಣ್ಣ. ಒಡೆದ ಬಿಲ್ಲೆಯಲ್ಲಿ ಆ ಗೆರೆ ಕುಗ್ಗಿ 18 ಮತ್ತು 34 ಡಿಗ್ರಿ ಹತ್ತಿರ ಹೊಸ ಗೆರೆಗಳು ಬಂದಿದ್ದವು. ಅದು ಅರಳಿದ ಸುಣ್ಣ. ಅಪ್ಪ ಫೋಟೋ ನೋಡಿ ಹೇಳಿದ್ದನ್ನು ಯಂತ್ರ ಎರಡು ಗಂಟೆ ಕೂತು ಹೇಳಿತು.

ಆವತ್ತಿನಿಂದಲೂ ಇದನ್ನೆಲ್ಲ ಬರೆಯಬೇಕು ಅಂತಿತ್ತು. ನಾನೀಗ ಪಿಎಚ್‌ಡಿ ಮೂರನೇ ವರ್ಷದಲ್ಲಿದ್ದೇನೆ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ, ಮುರಿದು ತುಂಡು ಹೋದ ಮೂಳೆಯ ಜಾಗಕ್ಕೆ ತುಂಬುವ ವಸ್ತು ಮಾಡುತ್ತೇನೆ. ಊರಲ್ಲಿ ಕೇಳಿದವರಿಗೆ “ಮೂಳೆ ಮಾಡ್ತೀನಿ” ಅಂತ ಎರಡು ವರ್ಷ ಹೇಳಿಕೊಂಡು ಬಂದೆ. ಅದು ತಪ್ಪು ಉತ್ತರ. ಮೂಳೆಯನ್ನು ನಾವು ಮಾಡುವುದಿಲ್ಲ, ಮೈಯೇ ಮಾಡಿಕೊಳ್ಳುತ್ತದೆ. ನಾವು ಮಾಡುವುದು ಅದಕ್ಕೆ ನಿಲ್ಲಲು ಒಂದು ಜಾಗ.

ಮೊದಲು ಮೂಳೆ ಅಂದರೆ ಏನು ಅಂತ ಹೇಳುತ್ತೇನೆ. ದಸರಾ ರಜೆಯಲ್ಲಿ ಅಕ್ಕನ ಮಗ ಬಂದಿದ್ದ, ಆರನೇ ಕ್ಲಾಸು. ಅವನ ಜೊತೆ ಕೂತು ಎರಡು ಕೋಳಿ ಕಾಲಿನ ಮೂಳೆ ಇಟ್ಟುಕೊಂಡು ನೋಡಿದೆವು. ಒಂದನ್ನು ಗಾಜಿನ ಬಾಟಲಿಯಲ್ಲಿ ವಿನಿಗರ್ ತುಂಬಿ ಮುಳುಗಿಸಿ ಐದು ದಿನ ಬಿಟ್ಟೆವು, ನಡುವೆ ಎರಡು ಸಲ ವಿನಿಗರ್ ಬದಲಾಯಿಸಿದೆವು. ತೆಗೆದರೆ ಮೂಳೆಯ ಆಕಾರ ಹಾಗೇ ಇದೆ, ಆದರೆ ರಬ್ಬರಿನ ಹಾಗೆ ಬಾಗುತ್ತದೆ. ಇನ್ನೊಂದನ್ನು ಹಿತ್ತಲಿನ ನೀರೊಲೆಯ ಕೆಂಡದಲ್ಲಿ ಹೂತಿಟ್ಟೆವು. ಮೊದಲು ಕಪ್ಪಾಯಿತು, ಆಮೇಲೆ ಬೂದು, ಕೊನೆಗೆ ಬಿಳಿ. ಅದರ ಆಕಾರವೂ ಹಾಗೇ ಇತ್ತು, ಆದರೆ ಹುಡುಗ ಎರಡು ಬೆರಳಲ್ಲಿ ಒತ್ತಿದ್ದಕ್ಕೆ ಚಕ್ಕುಲಿಯ ಹಾಗೆ ಪುಡಿಯಾಯಿತು. ವಿನಿಗರ್ ಖನಿಜವನ್ನು ಕರಗಿಸಿ ನಾರನ್ನು ಉಳಿಸಿತ್ತು. ಬೆಂಕಿ ನಾರನ್ನು ಸುಟ್ಟು ಖನಿಜವನ್ನು ಉಳಿಸಿತ್ತು. ಎರಡೂ ಸೇರಿದರೆ ಮೂಳೆ. ಆ ನಾರಿನ ಹೆಸರು ಕೊಲಾಜೆನ್. ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜವೇ. ಆರ್‌ಸಿಸಿಯಲ್ಲಿ ಕಂಬಿ ಎಳೆತ ತಡೆಯುತ್ತದೆ, ಕಾಂಕ್ರೀಟು ಭಾರ ತಡೆಯುತ್ತದೆ, ಅದೇ ಲೆಕ್ಕ.

ಖನಿಜದ ಹೆಸರು ಹೈಡ್ರಾಕ್ಸಿಅಪಟೈಟ್. ಕ್ಯಾಲ್ಸಿಯಂ, ಫಾಸ್ಫೇಟ್, ಜೊತೆಗೆ ಸ್ವಲ್ಪ ಹೈಡ್ರಾಕ್ಸಿಲ್. ನಮ್ಮ ಪಾವಗಡದ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತ ಕೇಳಿರುತ್ತೀರಿ. ಆ ಫ್ಲೋರೈಡ್ ಹೋಗಿ ಕೂರುವುದು ಇದೇ ಹರಳಿನಲ್ಲಿ, ಹೈಡ್ರಾಕ್ಸಿಲ್ ಕೂರಬೇಕಾದ ಜಾಗದಲ್ಲಿ. ಸ್ವಲ್ಪ ಆದರೆ ಹಲ್ಲಿಗೆ ಒಳ್ಳೆಯದು, ಜಾಸ್ತಿಯಾದರೆ ಮೂಳೆ ಬಿರುಸಾಗಿ ಕೀಲುಗಳು ಬಿಗಿಯುತ್ತವೆ. ಹರಳಿನ ಒಳಗೆ ಒಂದು ಅಯಾನು ಅದಲುಬದಲಾಗಿದ್ದಕ್ಕೆ ಒಂದು ಊರಿನ ಜನರ ಬೆನ್ನು ಬಗ್ಗಿಹೋಗುತ್ತದೆ. ಈ ಹರಳಿನ ಬಗ್ಗೆ ಓದುವಾಗೆಲ್ಲ ನನಗೆ ಅದು ನೆನಪಿಗೆ ಬರುತ್ತದೆ.

ಇನ್ನೊಂದು ವಿಷಯ. ಮೂಳೆ ಕಲ್ಲಿನ ಹಾಗೆ ಸುಮ್ಮನೆ ಬಿದ್ದಿರುವುದಿಲ್ಲ. ಅದರೊಳಗೆ ಕೆಡವುವ ಜೀವಕೋಶ ಒಂದು ಬಗೆ, ಕಟ್ಟುವ ಜೀವಕೋಶ ಇನ್ನೊಂದು ಬಗೆ. ಇಬ್ಬರದೂ ದಿನವಿಡೀ ಕೆಲಸ. ದೊಡ್ಡವರ ಮೈಯಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟು ಮೂಳೆ ಹೀಗೆ ಹಳೆಯದು ಹೋಗಿ ಹೊಸದು ಬರುತ್ತದೆ. ಚರ್ಮಕ್ಕೆ ಗಾಯವಾದರೆ ಕಲೆ ಉಳಿಯುತ್ತದೆ. ಮೂಳೆ ಸರಿಯಾಗಿ ಕೂಡಿಕೊಂಡರೆ ಕೆಲವು ವರ್ಷಗಳ ಮೇಲೆ ಎಲ್ಲಿ ಮುರಿದಿತ್ತು ಅಂತ ಎಕ್ಸ್‌ರೇ ನೋಡಿ ಹೇಳುವುದೂ ಕಷ್ಟ. ಮುರಿದ ಕಡೆ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಆಮೇಲೆ ಮೆತ್ತಗಿನ ಗಂಟು, ಆಮೇಲೆ ಗಟ್ಟಿ ಗಂಟು, ಆಮೇಲೆ ನಿಧಾನಕ್ಕೆ ಕೆತ್ತಿ ಕೆತ್ತಿ ಮೊದಲಿನ ಆಕಾರ. ಇಷ್ಟೆಲ್ಲ ಮಾಡುವ ಮೈಗೆ ನಾವು ಯಾಕೆ ಬೇಕು?

ಬೇಕಾಗುವುದು ತುಂಡೇ ಹೋದಾಗ. ನನ್ನ ಸೋದರಮಾವನಿಗೆ ಬೈಕಿನಲ್ಲಿ ಬರುವಾಗ ಲಾರಿ ತಾಗಿತು. ಮೊಣಕಾಲ ಕೆಳಗಿನ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಮಣ್ಣು ಮೆತ್ತಿಕೊಂಡಿದ್ದ, ಚೂರಾಗಿದ್ದ ಭಾಗವನ್ನು ತೆಗೆದುಹಾಕಿದ ಮೇಲೆ ನಡುವೆ ಎರಡು ಬೆರಳಗಲದ ಖಾಲಿ ಉಳಿಯಿತು. ಇಂಥ ಖಾಲಿಯನ್ನು ಮೈ ತಾನಾಗಿ ದಾಟಲಾರದು. ಎರಡು ತುದಿಯಿಂದಲೂ ಮೂಳೆ ಬೆಳೆಯಲು ಹೊರಡುತ್ತದೆ, ಆದರೆ ನಡುವೆ ಹಿಡಿದುಕೊಳ್ಳಲು ಏನೂ ಇಲ್ಲ, ಅಷ್ಟರಲ್ಲಿ ಮೆದು ಮಾಂಸ ಬಂದು ಜಾಗ ತುಂಬಿಬಿಡುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 4.43 ಲಕ್ಷ ಜನ ಗಾಯಗೊಂಡರು ಅಂತ ಸರ್ಕಾರದ ಲೆಕ್ಕ ಹೇಳುತ್ತದೆ. ಮಾವನ ವಾರ್ಡಿನಲ್ಲಿ ಸಾಲಾಗಿ ಮಲಗಿದ್ದವರ ಕಾಲು ನೋಡಿದ ಮೇಲೆ ನನಗೆ ಆ ಸಂಖ್ಯೆ ಬರೀ ಸಂಖ್ಯೆಯಾಗಿ ಕಾಣುವುದಿಲ್ಲ.

ಮಾವನಿಗೆ ಸೊಂಟದ ಮೂಳೆಯ ಅಂಚಿನಿಂದ ಸ್ವಲ್ಪ ಮೂಳೆ ಕೆರೆದು ತೆಗೆದು ಕಾಲಿಗೆ ತುಂಬಿದರು. ಇವತ್ತಿಗೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅದು ಅವರದೇ ಮೂಳೆ, ಅದರೊಳಗೆ ಅವರದೇ ಜೀವಕೋಶ, ಮೈ ಬೇಡ ಅನ್ನುವುದಿಲ್ಲ. ಕಾಲು ಕೂಡಿಕೊಂಡಿತು. ಆದರೆ ವರ್ಷವಾದ ಮೇಲೂ ಮಾವ ನೆಲದಿಂದ ಏಳುವಾಗ ಕೈ ಇಡುವುದು ಕಾಲಿಗಲ್ಲ, ಸೊಂಟಕ್ಕೆ. “ಕಾಲು ಸರಿಹೋಯ್ತು ಕಣಮ್ಮ, ಕೊಟ್ಟ ಜಾಗನೇ ನೋಯೋದು” ಅಂದರು. ಜೊತೆಗೆ ಸೊಂಟದಲ್ಲಿ ತೆಗೆಯಲು ಸಿಗುವುದೂ ಒಂದು ಮಿತಿಯಷ್ಟೇ. ಒಂದು ಜಾಗ ಸರಿ ಮಾಡಲು ಇನ್ನೊಂದು ಜಾಗ ಕೊಯ್ಯುವುದು ತಪ್ಪಬೇಕು ಅಂತಲೇ ನನ್ನಂಥವರು ಲ್ಯಾಬಿನಲ್ಲಿ ಕೂತಿರುವುದು.

ಅದೇ ವಾರ್ಡಿನಲ್ಲಿ ಪಕ್ಕದ ಮಂಚದ ಹುಡುಗನ ಕಾಲಿಗೆ ಕಬ್ಬಿಣದ ಉಂಗುರಗಳನ್ನು ಹಾಕಿದ್ದರು. ಸೈಬೀರಿಯಾದ ಕುರ್ಗಾನ್ ಅನ್ನುವ ಊರಿನ ಡಾಕ್ಟರ್ ಇಲಿಜರೋವ್ ಕಂಡುಹಿಡಿದ ಉಪಾಯ ಅದು. ಒಳ್ಳೆಯ ಮೂಳೆಯನ್ನು ಒಂದು ಕಡೆ ಕೊಯ್ದು, ಎರಡು ತುಂಡನ್ನು ದಿನಕ್ಕೆ ಒಂದೇ ಒಂದು ಮಿಲಿಮೀಟರ್ ದೂರ ಸರಿಸುತ್ತಾ ಹೋದರೆ ನಡುವೆ ಹೊಸ ಮೂಳೆ ಹುಟ್ಟುತ್ತಾ ಹೋಗುತ್ತದೆ. ಆ ಒಂದು ಮಿಲಿಮೀಟರನ್ನೂ ಒಂದೇ ಸಲ ಎಳೆಯುವುದಿಲ್ಲ, ಕಾಲು ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ಹುಡುಗನ ದಿಂಬಿನ ಕೆಳಗೆ ಒಂದು ಚಿಕ್ಕ ಸ್ಪ್ಯಾನರ್ ಇರುತ್ತಿತ್ತು. ಆರು ಗಂಟೆಗೊಮ್ಮೆ ಎದ್ದು ಕೂತು ತಾನೇ ನಟ್ಟು ತಿರುಗಿಸುತ್ತಿದ್ದ. ಬೇಗ ಎಳೆದರೆ ಮೂಳೆ ಬರುವುದಿಲ್ಲ, ಮಾಂಸ ಬರುತ್ತದೆ. ನಿಧಾನ ಮಾಡಿದರೆ ಮೊದಲೇ ಕೂಡಿಕೊಂಡುಬಿಡುತ್ತದೆ. ಮೂಳೆಗೆ ಅದರದೇ ಒಂದು ನಡಿಗೆ ಇದೆ. ಆಗ ನಾನು ಎಂಎಸ್ಸಿ ಓದುತ್ತಿದ್ದೆ. ಆ ಸ್ಪ್ಯಾನರ್ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಹಾಗಾದರೆ ಖಾಲಿ ಜಾಗಕ್ಕೆ ಸ್ಟೀಲ್ ತುಂಡೋ ಟೈಟಾನಿಯಂ ತುಂಡೋ ಹಾಕಿದರೆ ಆಗಲ್ವಾ ಅಂತ ತುಂಬ ಜನ ಕೇಳುತ್ತಾರೆ. ಪ್ಲೇಟು, ರಾಡು ಹಿಡಿದು ನಿಲ್ಲಿಸಲು ಬೇಕೇ ಬೇಕು, ಅವಿಲ್ಲದೆ ಮಾವನ ಕಾಲು ನಿಲ್ಲುತ್ತಿರಲಿಲ್ಲ. ಆದರೆ ಸ್ಟೀಲು ಮೂಳೆಗಿಂತ ಹತ್ತು ಪಟ್ಟಿಗೂ ಜಾಸ್ತಿ ಬಿಗಿ. ಭಾರವನ್ನೆಲ್ಲ ಅದೇ ಹೊತ್ತುಕೊಂಡುಬಿಡುತ್ತದೆ. ಭಾರ ಬೀಳದ ಮೂಳೆ ತೆಳ್ಳಗಾಗುತ್ತದೆ. ಜರ್ಮನಿಯ ಡಾಕ್ಟರ್ ಯೂಲಿಯಸ್ ವೋಲ್ಫ್ 1892ರಲ್ಲೇ ಇದನ್ನು ಪುಸ್ತಕ ಮಾಡಿ ಬರೆದಿದ್ದರು, ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ ಅಂತ. ಬಾಹ್ಯಾಕಾಶದಲ್ಲಿ ತೇಲುವವರ ಸೊಂಟದ ಮೂಳೆ ತಿಂಗಳಿಗೆ ಶೇ 1ಕ್ಕೂ ಜಾಸ್ತಿ ಕರಗುವುದು ಇದಕ್ಕೇ.

ಅದೇ 1892ರಲ್ಲಿ ಡ್ರೀಸ್‌ಮನ್ ಅನ್ನುವ ಇನ್ನೊಬ್ಬ ಜರ್ಮನ್ ಡಾಕ್ಟರ್ ಮೂಳೆಯ ಗುಂಡಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿ ನೋಡಿದ್ದರು. ಹೌದು, ನಮ್ಮ ಸೀಲಿಂಗ್ ಕೆಲಸದ ಪಿಒಪಿಯೇ. ಅಪ್ಪನಿಗೆ ಇದನ್ನು ಹೇಳಿದಾಗ ತುಂಬಾ ಹೊತ್ತು ಯೋಚನೆ ಮಾಡಿ “ಅದು ನೀರಿಗೆ ನಿಲ್ಲಲ್ವಲ್ಲ” ಅಂದರು. ಅಷ್ಟೇ ವಿಷಯ. ಮೈಯೊಳಗೆ ಅದು ಕೆಲವು ವಾರಗಳಲ್ಲೇ ಕರಗಲು ಶುರುವಾಗುತ್ತದೆ, ಮೂಳೆ ಬರುವ ಮೊದಲೇ ಜಾಗ ಮತ್ತೆ ಖಾಲಿ. ಹೈಡ್ರಾಕ್ಸಿಅಪಟೈಟ್‌ನದು ಇದರ ಉಲ್ಟಾ. ಗಟ್ಟಿಯಾಗಿ ಸುಟ್ಟ ಹೈಡ್ರಾಕ್ಸಿಅಪಟೈಟ್ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಮೂಳೆ ಅದನ್ನು ಒಪ್ಪಿಕೊಳ್ಳುತ್ತದೆ, ಅಂಟಿಕೊಳ್ಳುತ್ತದೆ, ಆದರೆ ಆ ಜಾಗವನ್ನು ಪೂರ್ತಿ ತನ್ನದು ಮಾಡಿಕೊಳ್ಳಲು ಆಗುವುದಿಲ್ಲ.

ಅಂಟಿಕೊಳ್ಳುವ ಮಾತು ಬಂತಲ್ಲ, ಲ್ಯಾರಿ ಹೆಂಚ್ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಸೆರಾಮಿಕ್ ಎಂಜಿನಿಯರ್ ಅವರು. 1967ರಲ್ಲಿ ಒಂದು ಸಮ್ಮೇಳನಕ್ಕೆ ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದಿದ್ದ ಒಬ್ಬ ಕರ್ನಲ್ ಕೂತಿದ್ದರು. ಹೆಂಚ್ ತಮ್ಮ ಕೆಲಸದ ಬಗ್ಗೆ, ವಿಕಿರಣ ಬಿದ್ದರೂ ಕೆಡದ ವಸ್ತುಗಳ ಬಗ್ಗೆ ಹೇಳುತ್ತಿದ್ದರು. ಕರ್ನಲ್ ಕೇಳಿದ್ದು ಬೇರೆಯೇ: ಮನುಷ್ಯನ ಮೈ ಬೇಡ ಅನ್ನದಂಥ ವಸ್ತು ಮಾಡಲು ಆಗುತ್ತದಾ? ಗಾಯಗೊಂಡ ಸೈನಿಕರ ಕೈಕಾಲು ಕತ್ತರಿಸುವುದನ್ನು ನೋಡಿ ಬಂದವರ ಪ್ರಶ್ನೆ ಅದು. 1969ರಲ್ಲಿ ಹೆಂಚ್ ಮಾಡಿದ ಗಾಜಿನಲ್ಲಿ ಶೇ 45 ಸಿಲಿಕಾ, ಸೋಡಾ ಮತ್ತು ಸುಣ್ಣ ತಲಾ ಶೇ 24.5, ಉಳಿದ ಶೇ 6 ಫಾಸ್ಫರಸ್ ಆಕ್ಸೈಡ್. ಇಲಿಯ ತೊಡೆಮೂಳೆಯಲ್ಲಿ ಆರು ವಾರ ಇಟ್ಟ ಮೇಲೆ ಎಳೆದರೂ ಬರಲಿಲ್ಲ. ಗಾಜಿನ ಮೈ ಮೇಲೆ ಮೂಳೆಯ ಖನಿಜವೇ ಬೆಳೆದು ಎರಡನ್ನೂ ಬೆಸೆದಿತ್ತು. ಅಲ್ಲಿಯವರೆಗೆ ಮೈಯೊಳಗೆ ಹಾಕುವ ವಸ್ತು ಅಂದರೆ ಯಾವ ಗಲಾಟೆಯನ್ನೂ ಮಾಡದೆ ಸುಮ್ಮನಿರಬೇಕು ಅಂತ ಎಲ್ಲರೂ ನಂಬಿದ್ದರು. ಆ ಗಾಜು ಸುಮ್ಮನಿರಲಿಲ್ಲ, ಸ್ವಲ್ಪ ಕರಗಿತು, ಕರಗಿದ್ದರಿಂದಲೇ ಅಂಟಿತು. ಒಂದು ಬಸ್ ಪ್ರಯಾಣದಲ್ಲಿ ಪಕ್ಕದವರು ಕೇಳಿದ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಂಡ ಆ ಮನುಷ್ಯನ ಬಗ್ಗೆ ನನಗೆ ಬಹಳ ಗೌರವ.

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ಬೇಗ ಕರಗುವುದೂ ಬೇಡ, ಕರಗದೇ ಕೂರುವುದೂ ಬೇಡ. ನಡುವೆ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಅಂತ ಒಂದಿದೆ, ಚಿಕ್ಕದಾಗಿ ಟಿಸಿಪಿ. ಹೈಡ್ರಾಕ್ಸಿಅಪಟೈಟ್‌ಗಿಂತ ಬೇಗ ಕರಗುತ್ತದೆ, ಪಿಒಪಿಗಿಂತ ನಿಧಾನ. ಎರಡನ್ನೂ ಒಟ್ಟಿಗೆ ಬೆರೆಸಿದ ವಸ್ತು ಮಾಡಿದರೆ ಎಷ್ಟು ಬೇಗ ಕರಗಬೇಕು ಅನ್ನುವುದನ್ನು ನಾವೇ ಹದ ಮಾಡಬಹುದು. ಚೆಂದ ಏನೆಂದರೆ ಎರಡೂ ಹುಟ್ಟುವುದು ಒಂದೇ ಬೀಕರಿನಿಂದ. ಕ್ಯಾಲ್ಸಿಯಂ ಮತ್ತು ಫಾಸ್ಫರಸ್ ಪ್ರಮಾಣ 1.67 ಇದ್ದರೆ ಸುಟ್ಟ ಮೇಲೆ ಬರೀ ಹೈಡ್ರಾಕ್ಸಿಅಪಟೈಟ್. 1.5 ಇದ್ದರೆ ಬರೀ ಟಿಸಿಪಿ. ನಡುವೆ ಇದ್ದರೆ ಎರಡೂ. 1.67 ದಾಟಿದರೆ? ಜಾಸ್ತಿಯಾದ ಕ್ಯಾಲ್ಸಿಯಂ ಸುಟ್ಟ ಸುಣ್ಣವಾಗಿ ಉಳಿಯುತ್ತದೆ. ಆಷಾಢದಲ್ಲಿ ನನಗೆ ಆದದ್ದು ಅದೇ.

ಆ ಬಿಲ್ಲೆಗಳಿಗೆ ಪುಡಿ ಮಾಡಿದ ದಿನದ ಪುಸ್ತಕ ತೆಗೆದು ನೋಡಿದೆ. ಮಾಡುವ ಕ್ರಮ ಹೀಗೆ: ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣವನ್ನು ತಿರುಗಿಸುತ್ತಾ ಇಟ್ಟು, ಮೇಲಿಂದ ಡೈಅಮೋನಿಯಂ ಫಾಸ್ಫೇಟ್ ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು. ಇದು ಹೊಲಕ್ಕೆ ಹಾಕುವ ಡಿಎಪಿಯೇ, ಲ್ಯಾಬಿನದು ಶುದ್ಧ ಮಾಡಿದ್ದು ಅಷ್ಟೇ. ಪಿಎಚ್ 10ರ ಮೇಲೆಯೇ ಇರಬೇಕು, ಅದಕ್ಕೆ ಅಮೋನಿಯಾ. ಮೂಗು ಉರಿಯುತ್ತದೆ. ಹನಿ ಬಿದ್ದ ಕಡೆ ಬಿಳಿ ಎಳೆ ಎದ್ದು ಚದುರಿ, ನೋಡುತ್ತಾ ನೋಡುತ್ತಾ ಬೀಕರ್ ತುಂಬ ಹಾಲು. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಶುದ್ಧ ನೀರಲ್ಲಿ ಮತ್ತೆ ಮತ್ತೆ ತೊಳೆದು ಸೋಸಿದರೆ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದ ಮೊಸರಿನ ಹಾಗೆ ಒಂದು ಮುದ್ದೆ ಸಿಗುತ್ತದೆ. ಒಣಗಿಸಿ ಕುಟ್ಟಾಣಿಯಲ್ಲಿ ಅರೆದರೆ ಪುಡಿ. ಆ ದಿನ ಹನಿ ಬಿಡುವ ಫನೆಲ್‌ನ ತಳದಲ್ಲಿ ಫಾಸ್ಫೇಟ್ ದ್ರಾವಣ ಸ್ವಲ್ಪ ಬೀಳದೆ ಉಳಿದಿತ್ತು ಅಂತ ನಾನೇ ಬರೆದುಕೊಂಡಿದ್ದೆ. ಬರೆದು ಮುಂದೆ ಹೋಗಿದ್ದೆ. ಅಷ್ಟು ಫಾಸ್ಫೇಟ್ ಕಡಿಮೆಯಾದದ್ದಕ್ಕೆ ಅಷ್ಟು ಕ್ಯಾಲ್ಸಿಯಂ ಜೊತೆಯಿಲ್ಲದೆ ಉಳಿದು, ಫರ್ನೇಸಿನಲ್ಲಿ ಸುಣ್ಣವಾಗಿ, ಮಳೆಗಾಲದ ಗಾಳಿಗೆ ಅರಳಿತ್ತು. ಈಗ ಫನೆಲ್ ಅನ್ನು ಮೂರು ಸಲ ತೊಳೆದು ಆ ನೀರನ್ನೂ ಬೀಕರಿಗೇ ಬಿಡುತ್ತೇನೆ.

ಪುಡಿ ಆದರೆ ಸಾಲದು, ಅದಕ್ಕೆ ರೂಪ ಬೇಕು. ಒಣಗಿದ ಹೀರೆಕಾಯಿಯ ನಾರು ನೋಡಿದ್ದೀರಲ್ವಾ, ಮೈ ಉಜ್ಜಲು ಇಟ್ಟುಕೊಳ್ಳುತ್ತಾರಲ್ಲ, ಉದ್ದ ಮೂಳೆಯ ತುದಿಯನ್ನು ಕೊಯ್ದು ನೋಡಿದರೆ ಒಳಗೆ ಹಾಗೇ ಇರುತ್ತದೆ. ತೂತುಗಳು ಬರೀ ಇದ್ದರೆ ಸಾಲದು, ಒಂದರಿಂದ ಒಂದಕ್ಕೆ ದಾರಿ ಇರಬೇಕು. ಇಡ್ಲಿಯಲ್ಲೂ ತೂತಿದೆ, ಆದರೆ ಎಷ್ಟೋ ತೂತುಗಳು ಒಳಗೇ ಮುಚ್ಚಿಕೊಂಡಿರುತ್ತವೆ. ಹೀರೆಕಾಯಿ ನಾರಿನಲ್ಲಿ ಈ ಕಡೆ ಊದಿದರೆ ಆ ಕಡೆ ಗಾಳಿ ಬರುತ್ತದೆ. ಜೀವಕೋಶ ಒಳಗೆ ಹೋಗಬೇಕು, ರಕ್ತನಾಳ ಹೋಗಬೇಕು. ಅದಕ್ಕೆ 100 ಮೈಕ್ರಾನ್ ಆದರೂ ಬೇಕು, 300ಕ್ಕೆ ಮೇಲಿದ್ದರೆ ರಕ್ತನಾಳಕ್ಕೆ ಒಳ್ಳೆಯದು, ಅಂದರೆ ತಲೆಕೂದಲಿನ ದಪ್ಪದ ಮೂರ್ನಾಲ್ಕು ಪಟ್ಟು. ಇದನ್ನು ಮಾಡುವ ಒಂದು ಹಳೆಯ ದಾರಿ ಸ್ಪಂಜು. ಪುಡಿಯನ್ನು ನೀರಲ್ಲಿ ಕಲಸಿ ದೋಸೆ ಹಿಟ್ಟಿನ ಹದಕ್ಕೆ ತಂದು, ಸ್ಪಂಜಿನ ತುಂಡನ್ನು ಅದ್ದಿ, ಹಿಂಡಿ, ಒಣಗಿಸಿ, ಫರ್ನೇಸಿನಲ್ಲಿ ಸುಡಬೇಕು. ಸ್ಪಂಜು ಸುಟ್ಟು ಹೋಗುತ್ತದೆ, ಅದರ ರೂಪದಲ್ಲಿ ಸೆರಾಮಿಕ್ ಉಳಿಯುತ್ತದೆ. 600 ಡಿಗ್ರಿಯವರೆಗೆ ನಿಮಿಷಕ್ಕೆ ಒಂದು ಡಿಗ್ರಿಯಷ್ಟೇ ಏರಿಸುತ್ತೇನೆ, ಅವಸರ ಮಾಡಿದರೆ ಕುಸಿದು ಬೀಳುತ್ತದೆ. ಮೇಲೆ 1100ಕ್ಕೆ ನಿಲ್ಲಿಸುತ್ತೇನೆ. 1125ರ ಸುಮಾರಿಗೆ ಟಿಸಿಪಿ ಇನ್ನೊಂದು ರೂಪಕ್ಕೆ ತಿರುಗುತ್ತದೆ, ಆ ರೂಪ ಇನ್ನೂ ಬೇಗ ಕರಗುತ್ತದೆ.

ಹೀಗೆ ಮಾಡಿದ್ದಕ್ಕೆ ಬಲ ಕಡಿಮೆ, ಅದನ್ನೂ ಹೇಳಬೇಕು. ಮೂಳೆಯ ಒಳಗಿನ ಜಾಲರಿ ಭಾಗವೇ 2ರಿಂದ 12 ಮೆಗಾಪ್ಯಾಸ್ಕಲ್ ಒತ್ತಡ ತಡೆಯುತ್ತದೆ. ನನ್ನದು ಇನ್ನೂ ಒಂದನ್ನೂ ದಾಟಿಲ್ಲ. ಜೊತೆಗೆ ಪ್ಲೇಟ್ ಬೇಕೇ ಬೇಕು.

ಇಂಗ್ಲಿಷಿನಲ್ಲಿ ಇದಕ್ಕೆ ಸ್ಕ್ಯಾಫೋಲ್ಡ್ ಅನ್ನುತ್ತಾರೆ. ಮನೆಯಲ್ಲಿ ಒಂದು ರಾತ್ರಿ ಊಟದ ಹೊತ್ತಲ್ಲಿ ಅಪ್ಪನಿಗೆ ಇದು ಸಾರ್ವೆ ಇದ್ದ ಹಾಗೆ ಅಂತ ವಿವರಿಸಿದೆ. ಅಪ್ಪ ಒಪ್ಪಲಿಲ್ಲ. “ಸಾರ್ವೆ ಅಂದ್ರೆ ನಿಂತ್ಕಂಡು ಕೆಲಸ ಮಾಡಕ್ಕೆ. ಮೋಲ್ಡು ಹೊರೋದು ಸೆಂಟ್ರಿಂಗು. ನಿಂದು ಯಾವ್ದು?” ಮೂರು ವರ್ಷದಲ್ಲಿ ಯಾವ ಸೆಮಿನಾರಿನಲ್ಲೂ ಯಾರೂ ನನ್ನನ್ನು ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ಯೋಚಿಸಿ ಎರಡೂ ಅಂದೆ. ಜೀವಕೋಶಗಳು ಅದರ ಮೇಲೆ ನಿಂತು ಕೆಲಸ ಮಾಡಬೇಕು, ಹೊಸ ಮೂಳೆ ಗಟ್ಟಿಯಾಗುವ ತನಕ ಅದೇ ಆಕಾರ ಹಿಡಿದಿರಬೇಕು. “ಆಮೇಲೆ ಬಿಚ್ಚೋರು ಯಾರು?” ಅಂದರು. ಯಾರೂ ಇಲ್ಲ. ತಾನೇ ಕರಗಿಹೋಗಬೇಕು. ಅಪ್ಪ ತುತ್ತು ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದರು. ಮೋಲ್ಡ್ ಹಾಕಿದ ಮೇಲೆ 21 ದಿನ ನೀರು ಕಟ್ಟಿಸಿ, ಆಮೇಲೆ ಸೆಂಟ್ರಿಂಗ್ ಬಿಚ್ಚಿಸುವ ಮನುಷ್ಯ. ಅವಸರ ಮಾಡಿ ಬಿಚ್ಚಿ ಬಿದ್ದ ಸೂರನ್ನು ನೋಡಿದವರು. “ಹೊತ್ತು ಗೊತ್ತಾಗಬೇಕು ಅದಕ್ಕೆ” ಅಂದರು.

ಅದೇ ನನ್ನ ಇಡೀ ಥೀಸಿಸ್.

ಜೀವಕೋಶದ ಕೆಲಸಕ್ಕೂ ಒಂದು 21 ದಿನ ಇದೆ. ಇಲಿಮರಿಯ ತಲೆಬುರುಡೆಯಿಂದ ಬಂದ, ಎಷ್ಟೋ ವರ್ಷಗಳಿಂದ ಲ್ಯಾಬುಗಳಲ್ಲಿ ಬೆಳೆಸಿಕೊಂಡು ಬಂದಿರುವ ಮೂಳೆ ಕಟ್ಟುವ ಕೋಶಗಳನ್ನು ಸ್ಕ್ಯಾಫೋಲ್ಡ್ ಮೇಲೆ ಬಿಟ್ಟು, 37 ಡಿಗ್ರಿ ಬಿಸಿಯ ಇನ್‌ಕ್ಯುಬೇಟರಿನಲ್ಲಿಟ್ಟು, ಎರಡು ಮೂರು ದಿನಕ್ಕೊಮ್ಮೆ ಹಳೆಯ ಮೀಡಿಯಾ, ಅಂದರೆ ಕೋಶಗಳಿಗೆ ಆಹಾರ ಕೊಡುವ ದ್ರಾವಣ, ತೆಗೆದು ಹೊಸದು ಹಾಕಬೇಕು. ಭಾನುವಾರ, ಹಬ್ಬ ಯಾವುದೂ ಇಲ್ಲ. ಈ ಸಲ ಗೌರಿ ಹಬ್ಬಕ್ಕೆ ಊರಿಗೆ ಹೋಗಲಿಲ್ಲ, ಅಮ್ಮ ಕಡುಬು ಬಸ್ಸಿನಲ್ಲಿ ಕಳಿಸಿದರು. 21ನೇ ದಿನ ಅಲಿಜರಿನ್ ರೆಡ್ ಅನ್ನುವ ಬಣ್ಣ ಹಾಕುತ್ತೇವೆ. ಕ್ಯಾಲ್ಸಿಯಂ ಇದ್ದ ಕಡೆ ಕೆಂಪಾಗುತ್ತದೆ, ಅಂದರೆ ಕೋಶಗಳು ಖನಿಜ ಇಡಲು ಶುರು ಮಾಡಿವೆ ಅಂತ. ನಮ್ಮ ಮಂಜಿಷ್ಠದ ಜಾತಿಯದೇ ಒಂದು ಗಿಡದ ಬೇರಿನ ಬಣ್ಣ ಇದು. ಆ ಬೇರು ತಿಂದ ಹಂದಿಗಳ ಮೂಳೆ ಕೆಂಪಾಗಿರುವುದನ್ನು ಬೆಲ್ಚಿಯರ್ ಅನ್ನುವ ಲಂಡನ್ನಿನ ಸರ್ಜನ್ 1736ರಲ್ಲೇ ಬರೆದಿದ್ದರು.

ಬಣ್ಣ ಹಾಕಿ ತೊಳೆದೆ. ತಟ್ಟೆಯಲ್ಲಿದ್ದ ಸ್ಕ್ಯಾಫೋಲ್ಡುಗಳೆಲ್ಲ ಕುಂಕುಮದಲ್ಲಿ ಅದ್ದಿದ ಹಾಗೆ ಕೆಂಪು. ನನಗೆ ಕಣ್ಣು ತುಂಬಿ ಬಂತು. ಗೈಡ್ ಮೇಡಂ ಬಂದು ಬಗ್ಗಿ ನೋಡಿ, “ಕೋಶ ಹಾಕದೇ ಇರೋದು ಯಾವುದು?” ಅಂದರು. ಕೊನೆಯ ಸಾಲು ತೋರಿಸಿದೆ. ಅದೂ ಕೆಂಪಾಗಿಯೇ ಇತ್ತು. ಸ್ಕ್ಯಾಫೋಲ್ಡೇ ಕ್ಯಾಲ್ಸಿಯಂನಿಂದ ಮಾಡಿದ್ದು, ಕೋಶ ಇರಲಿ ಬಿಡಲಿ ಬಣ್ಣ ಹಿಡಿದೇ ಹಿಡಿಯುತ್ತದೆ. ಕಣ್ಣಿಗೆ ಕಾಣುವ ಕೆಂಪು ಏನನ್ನೂ ಹೇಳುವುದಿಲ್ಲ. ಆ ಬಣ್ಣವನ್ನು ಕರಗಿಸಿ ಹೊರತೆಗೆದು, ಎಷ್ಟಿದೆ ಅಂತ ಅಳೆದು, ಕೋಶ ಇಲ್ಲದ್ದರ ಲೆಕ್ಕವನ್ನು ಕಳೆಯಬೇಕು. ಸಂಜೆ ಏಳಕ್ಕೆ ಕೂತವಳು ಹತ್ತೂವರೆಗೆ ಎದ್ದೆ. ಕಳೆದ ಮೇಲೂ ಉಳಿದಿತ್ತು. ಜಾಸ್ತಿ ಅಲ್ಲ, ಆದರೆ ಎಲ್ಲ ತುಂಡುಗಳಲ್ಲೂ ಉಳಿದಿತ್ತು. ಅಷ್ಟು ನಿಜವಾಗಿ ಕೋಶಗಳು ಕಟ್ಟಿದ್ದು. ತಟ್ಟೆ ತುಂಬ ಕೆಂಪು ನೋಡಿದಾಗ ಆದದ್ದಕ್ಕಿಂತ ಆ ಚಿಕ್ಕ ವ್ಯತ್ಯಾಸ ನೋಡಿದಾಗ ಆದ ಸಂತೋಷವೇ ದೊಡ್ಡದು.

ಇದೆಲ್ಲ ಇನ್ನೂ ತಟ್ಟೆಯೊಳಗಿನ ಮಾತು. ಮಾವನಂಥವರ ಕಾಲಿಗೆ ಹೋಗಲು ದಾರಿ ಬಹಳ ಉದ್ದ ಇದೆ, ನನ್ನ ಪಿಎಚ್‌ಡಿ ಮುಗಿಯುವಷ್ಟರಲ್ಲಿ ಆಗುವ ಕೆಲಸವಲ್ಲ. ಮೈಯೊಳಗೆ ಬರೀ ನೀರಿನಿಂದ ಕರಗುವುದಿಲ್ಲ, ಕೆಡವುವ ಕೋಶಗಳೂ ಬಂದು ತಿನ್ನುತ್ತವೆ, ಅದರ ಲೆಕ್ಕ ಬೇರೆ. ಸದ್ಯಕ್ಕೆ ನಾನು ನೋಡುತ್ತಿರುವುದು ಕರಗುವುದನ್ನು ಮಾತ್ರ. ಬೇರೆ ಬೇರೆ ಪ್ರಮಾಣದಲ್ಲಿ ಮಾಡಿದ ತುಂಡುಗಳನ್ನು ಪಿಎಚ್ 7.4ರ ದ್ರಾವಣದಲ್ಲಿ, ಮೈಯಷ್ಟೇ ಬೆಚ್ಚಗೆ ಇಟ್ಟಿದ್ದೇನೆ. ವಾರಕ್ಕೊಮ್ಮೆ ತೆಗೆದು, ತೊಳೆದು, ಒಣಗಿಸಿ ತೂಗುತ್ತೇನೆ. ಟಿಸಿಪಿ ಜಾಸ್ತಿ ಇರುವುದು ಬೇಗ ಹಗುರಾಗುತ್ತಿದೆ, ಹೈಡ್ರಾಕ್ಸಿಅಪಟೈಟ್ ಜಾಸ್ತಿ ಇರುವುದು ಅಲುಗಿಯೇ ಇಲ್ಲ. ಹೈಡ್ರಾಕ್ಸಿಅಪಟೈಟ್ 60, ಟಿಸಿಪಿ 40 ಅಂತ ಪುಸ್ತಕದಲ್ಲಿ ಹೇಳುವ ಪ್ರಮಾಣದ ಆಚೀಚೆ ನಾಲ್ಕು ಬಗೆ ಇಟ್ಟಿದ್ದೇನೆ, ಅದರಲ್ಲಿ ಒಂದರ ಮೇಲೆ ನನಗೆ ಆಸೆ ಇದೆ. ಪ್ರತಿ ಭಾನುವಾರ ಫೋನ್ ಮಾಡಿದಾಗ ಅಪ್ಪ ಮೊದಲು ಕೇಳುವುದು “ಎಷ್ಟು ಕರಗ್ತವ್ವ?” ಅಂತ. ಹೇಳಿದ್ದನ್ನು ಕೂಲಿ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ ಅಂತ ಮೊನ್ನೆ ಅಮ್ಮ ಹೇಳಿದರು.

ನಾಳೆ ಹನ್ನೊಂದನೇ ವಾರದ ತೂಕ. ಬೆಳಿಗ್ಗೆ ಏಳಕ್ಕೇ ಹೋಗಬೇಕು, ಆ ಹೊತ್ತಿಗೆ ತಕ್ಕಡಿ ರೂಮಿನಲ್ಲಿ ಯಾರೂ ಇರುವುದಿಲ್ಲ, ಫ್ಯಾನೂ ಹಾಕಿರುವುದಿಲ್ಲ.